ಗ್ರೀನ್‌ಬ್ಯಾಕ್ ನೋಟು ಮತ್ತು ಸ್ಪಾಲ್ಡಿಂಗ್: ತಪ್ಪು ಕಲ್ಪನೆ ಮತ್ತು ಸತ್ಯ

ಎಲ್‌ಬ್ರಿಜ್ ಗೆರಿ ಸ್ಪಾಲ್ಡಿಂಗ್ (1809–1897) ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ವಕೀಲ, ಬ್ಯಾಂಕರ್ ಮತ್ತು ರಾಜಕಾರಣಿ. 1847ರಲ್ಲಿ ಆ ನಗರದ ಮೇಯರ್ ಆಗಿದ್ದ ಈತ 1849–51ರಲ್ಲಿ ವಿಗ್ ಪಕ್ಷದಿಂದಲೂ 1859–63ರಲ್ಲಿ ರಿಪಬ್ಲಿಕನ್ ಪಕ್ಷದಿಂದಲೂ ಅಮೆರಿಕದ ಕಾಂಗ್ರೆಸ್ ಸದಸ್ಯನಾಗಿದ್ದ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸರ್ಕಾರ ಹೊರಡಿಸಿದ ಹಸಿರು ಬೆನ್ನಿನ ಕಾಗದದ ನೋಟೇ ಗ್ರೀನ್‌ಬ್ಯಾಕ್. ‘ಗ್ರೀನ್‌ಬ್ಯಾಕ್‌ನ ಜನಕ’ ಎಂದೇ ಹೆಸರಾದ ಈತನ ಮತ್ತು ಆ ನೋಟಿನ ಬಗ್ಗೆ ಹಲವು ತಪ್ಪು ನಂಬಿಕೆಗಳಿವೆ.

ತಪ್ಪು ಕಲ್ಪನೆ: ಬ್ಯಾಂಕರುಗಳನ್ನು ಮಣಿಸಲು ಅಧ್ಯಕ್ಷ ಲಿಂಕನ್ ತಾನೇ ರೂಪಿಸಿದ ನೋಟು ಇದು.

ಸತ್ಯ: ಈ ನೋಟಿನ ಮಸೂದೆಯನ್ನು ಸಿದ್ಧಪಡಿಸಿದವನೇ ಒಬ್ಬ ಬ್ಯಾಂಕರ್. ಅಂತರ್ಯುದ್ಧದ ಖರ್ಚು ಏರುತ್ತಿದ್ದಾಗ, 1861ರ ಡಿಸೆಂಬರ್ ಕೊನೆಯಲ್ಲಿ ಬ್ಯಾಂಕುಗಳು ನೋಟಿಗೆ ಬದಲಾಗಿ ಚಿನ್ನ ಕೊಡುವುದನ್ನು ನಿಲ್ಲಿಸಿದವು. ಹಣಕಾಸು ಉಪಸಮಿತಿಯ ಮುಖ್ಯಸ್ಥನಾಗಿದ್ದ ಸ್ಪಾಲ್ಡಿಂಗ್ ಆಗ ಈ ಮಸೂದೆ ಮಂಡಿಸಿದ. ಪೂರ್ವದ ನಗರಗಳ ಹಲವು ಬ್ಯಾಂಕರುಗಳು ಅದನ್ನು ವಿರೋಧಿಸಿದರು. ಖಜಾನೆ ಕಾರ್ಯದರ್ಶಿ ಸಾಲ್ಮನ್ ಚೇಸ್ ಒಲ್ಲದ ಮನಸ್ಸಿನಿಂದಲೇ ಒಪ್ಪಿದ. 1862ರ ಫೆಬ್ರವರಿ 25ರಂದು ಲಿಂಕನ್ ಸಹಿಯೊಂದಿಗೆ 15 ಕೋಟಿ ಡಾಲರ್ ಮೌಲ್ಯದ ನೋಟುಗಳಿಗೆ ಅನುಮತಿ ಸಿಕ್ಕಿತು. ಮುಂದೆ ಈ ಮಿತಿ 45 ಕೋಟಿಗೆ ಏರಿತು.

ತಪ್ಪು ಕಲ್ಪನೆ: ಅಮೆರಿಕದ ಮೊದಲ ಕಾಗದದ ಹಣ ಇದೇ.

ಸತ್ಯ: ಸ್ವಾತಂತ್ರ್ಯ ಸಮರದ ಕಾಲದಲ್ಲೇ ಕಾಂಟಿನೆಂಟಲ್ ನೋಟುಗಳಿದ್ದವು. ಆಮೇಲೆ ರಾಜ್ಯಗಳ ಬ್ಯಾಂಕುಗಳು ಸಾವಿರಾರು ಬಗೆಯ ನೋಟು ಹೊರಡಿಸಿದವು. 1861ರಲ್ಲಿ ಸರ್ಕಾರ ಹೊರಡಿಸಿದ ಡಿಮಾಂಡ್ ನೋಟುಗಳ ಬೆನ್ನೂ ಹಸಿರಾಗಿಯೇ ಇತ್ತು. ಅವುಗಳಿಗೆ ಚಿನ್ನ ಕೊಡುವ ಭರವಸೆಯಿತ್ತು. 1862ರ ನೋಟಿಗೆ ಆ ಭರವಸೆ ಇರಲಿಲ್ಲ. ಆದರೂ ಸಾಲ ತೀರಿಸಲು ಅದನ್ನು ಕೊಟ್ಟರೆ ಸ್ವೀಕರಿಸಲೇಬೇಕೆಂದು ಕಾನೂನು ವಿಧಿಸಿತು.

ತಪ್ಪು ಕಲ್ಪನೆ: ಅದು ಎಲ್ಲ ವ್ಯವಹಾರಕ್ಕೂ ಚಿನ್ನದಷ್ಟೇ ಸಲ್ಲುತ್ತಿತ್ತು.

ಸತ್ಯ: ಆಮದು ಸುಂಕವನ್ನು ಗ್ರೀನ್‌ಬ್ಯಾಕ್‌ನಲ್ಲಿ ಕಟ್ಟುವಂತಿರಲಿಲ್ಲ, ಸರ್ಕಾರಿ ಬಾಂಡುಗಳ ಬಡ್ಡಿಯೂ ನಾಣ್ಯದಲ್ಲೇ ಸಲ್ಲುತ್ತಿತ್ತು. 1864ರ ಜುಲೈನಲ್ಲಿ ಒಂದು ಗ್ರೀನ್‌ಬ್ಯಾಕ್ ಡಾಲರಿನ ಬೆಲೆ ಚಿನ್ನದ ಲೆಕ್ಕದಲ್ಲಿ 40 ಸೆಂಟಿಗೂ ಕೆಳಗಿಳಿದಿತ್ತು.

ತಪ್ಪು ಕಲ್ಪನೆ: ಸ್ಪಾಲ್ಡಿಂಗ್ ಶಾಶ್ವತವಾಗಿ ಕಾಗದದ ಹಣವೇ ಇರಲೆಂದು ಬಯಸಿದ್ದ.

ಸತ್ಯ: ಇದು ಅನಿವಾರ್ಯವಾದ ಯುದ್ಧಕಾಲದ ಕ್ರಮ ಎಂದೇ ಆತ ಸದನದಲ್ಲಿ ವಾದಿಸಿದ್ದ. 1869ರಲ್ಲಿ ಈ ನೋಟುಗಳ ಇತಿಹಾಸವನ್ನೂ ಪುಸ್ತಕವಾಗಿ ಬರೆದ. 1870ರಲ್ಲಿ, ಅಷ್ಟರೊಳಗೆ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅದೇ ಚೇಸ್, ನೋಟನ್ನು ಸ್ವೀಕರಿಸಲೇಬೇಕೆಂಬ 1862ರ ಕಾನೂನನ್ನು ಅದಕ್ಕೂ ಹಳೆಯ ಸಾಲಗಳಿಗೆ ಅನ್ವಯಿಸುವುದು ಸಂವಿಧಾನಬಾಹಿರ ಎಂದು ತೀರ್ಪಿತ್ತ. ಮರುವರ್ಷವೇ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುವಿಹಾಕಿತು. 1879ರ ಜನವರಿ 1ರಿಂದ ಗ್ರೀನ್‌ಬ್ಯಾಕ್‌ಗೆ ಬದಲಾಗಿ ಚಿನ್ನ ಪಡೆಯಲು ಸಾಧ್ಯವಾಯಿತು.