ಗದ್ದಲ ಮತ್ತು ಸಮಲಯ

ಬೆಂಗಳೂರಿನ ಪೂರ್ವಭಾಗದಲ್ಲಿರುವ ಹೊಸ ತಿಪ್ಪಸಂದ್ರಕ್ಕೆ ಗದ್ದಲವೆಂಬುದು ಹೊಸದಲ್ಲ. ಪೇಟೆಬೀದಿಯ ಕೂಗಾಟ, ವಾಹನಗಳ ಸದ್ದು ಅಲ್ಲಿ ನಿತ್ಯದ ಸಂಗತಿ. ಸಮೀಪದ ಎಚ್.ಎ.ಎಲ್. ವಿಮಾನನಿಲ್ದಾಣದಲ್ಲಿ 2008ರವರೆಗೆ ಪ್ರಯಾಣಿಕರ ವಿಮಾನಗಳೂ ಏರಿಳಿಯುತ್ತಿದ್ದವು. ಇಂತಹ ಬಡಾವಣೆಯಲ್ಲಿ ಸಂಜೆ ಭಜನೆಗೆ ಕುಳಿತ ಹತ್ತು ಮಂದಿ ತಾಳ ತಪ್ಪದೆ ಹಾಡಬಲ್ಲರು. ಒಬ್ಬರ ತಾಳವನ್ನು ಮತ್ತೊಬ್ಬರು ಕೇಳಿ ತಮ್ಮದನ್ನು ತಿದ್ದಿಕೊಳ್ಳುವುದೇ ಇದಕ್ಕೆ ಕಾರಣ. ಸದ್ದು ಮಿತಿಮೀರಿ ಒಬ್ಬರದು ಒಬ್ಬರಿಗೆ ಕೇಳಿಸದಾದರೆ ಮೇಳ ಕೆಡುತ್ತದೆ. ಪರಸ್ಪರ ಸಂಬಂಧ ಹೆಚ್ಚೋ, ಗದ್ದಲ ಹೆಚ್ಚೋ ಎಂಬ ಈ ಸ್ಪರ್ಧೆ ಜಡವಸ್ತುಗಳಲ್ಲಿಯೂ ಉಂಟು.

1665ರಲ್ಲಿ ಡಚ್ ವಿಜ್ಞಾನಿ ಹೈಗನ್ಸ್ ಒಂದೇ ಆಧಾರಕ್ಕೆ ತೂಗುಹಾಕಿದ್ದ ಎರಡು ಗಡಿಯಾರಗಳನ್ನು ಗಮನಿಸಿದನು. ಅವುಗಳ ಲೋಲಕಗಳು ಹೇಗೆ ಆರಂಭಿಸಿದರೂ ಸ್ವಲ್ಪ ಹೊತ್ತಿನಲ್ಲಿ ಒಂದೇ ಲಯಕ್ಕೆ ಬರುತ್ತಿದ್ದವು. ಆಧಾರದ ಅತಿಸೂಕ್ಷ್ಮ ಅಲುಗಾಟವೇ ಅವುಗಳ ನಡುವಿನ ಸಂಪರ್ಕವಾಗಿತ್ತು. ಹೀಗೆ ಒಂದಕ್ಕೊಂದು ಹೊಂದಿಕೊಂಡು ನಡೆಯುವುದನ್ನು ಸಮಲಯವೆನ್ನಬಹುದು.

ಇಂತಹ ಲೋಲಕಗಳನ್ನು ವಿದ್ಯುನ್ಮಂಡಲಗಳಲ್ಲಿಯೂ ಕಾಣಬಹುದು. 1911ರಲ್ಲಿ ಕಾಮರ್ಲಿಂಗ್ ಆನಿಸ್ ಎಂಬ ವಿಜ್ಞಾನಿ ಪಾದರಸವನ್ನು ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ ತಂಪುಗೊಳಿಸಿದಾಗ ಅದರ ವಿದ್ಯುತ್ ರೋಧವು ಇಲ್ಲವಾಯಿತು. ಈ ಗುಣಕ್ಕೆ ಅತಿವಾಹಕತೆ ಎಂದು ಹೆಸರು. ಎರಡು ಅತಿವಾಹಕಗಳ ನಡುವೆ ಅತ್ಯಂತ ತೆಳುವಾದ ಅವಾಹಕ ಪದರವಿದ್ದರೂ ಅದನ್ನು ದಾಟಿ ವಿದ್ಯುತ್ತು ಹರಿಯಬಲ್ಲದೆಂದು 1962ರಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ, ಬ್ರಯಾನ್ ಜೋಸೆಫ್‌ಸನ್ ಲೆಕ್ಕಹಾಕಿ ತೋರಿಸಿದನು. ಇದಕ್ಕಾಗಿ 1973ರ ನೊಬೆಲ್ ಪ್ರಶಸ್ತಿಯಲ್ಲಿ ಅವನಿಗೆ ಪಾಲು ದೊರೆಯಿತು. ಜೋಸೆಫ್‌ಸನ್ ಸಂಧಿಗೆ ಒಂದು ಮಿಲಿವೋಲ್ಟ್ ವಿಭವಾಂತರ ನೀಡಿದರೆ ಅಲ್ಲಿನ ವಿದ್ಯುತ್ತು ಸೆಕೆಂಡಿಗೆ ಸುಮಾರು 48,360 ಕೋಟಿ ಬಾರಿ ಆಂದೋಲಿಸುತ್ತದೆ. ಅದರ ಚಲನೆಯನ್ನು ವರ್ಣಿಸುವ ಸಮೀಕರಣವೂ ಲೋಲಕದ ಸಮೀಕರಣವೂ ಒಂದೇ ರೂಪದವು.

ಒಂದೇ ಸಂಧಿಯಿಂದ ಹೊರಡುವ ಶಕ್ತಿ ಅತ್ಯಲ್ಪ. ಹತ್ತು ಸಂಧಿಗಳು ಸಮಲಯದಲ್ಲಿ ಮಿಡಿದರೆ ಅಲೆಯ ಎತ್ತರ ಹತ್ತು ಪಟ್ಟಾಗಿ, ತೀವ್ರತೆ ನೂರು ಪಟ್ಟಾಗುತ್ತದೆ. ತಮ್ಮ ತಮ್ಮ ಮನಬಂದಂತೆ ಮಿಡಿದರೆ ಸರಾಸರಿಯಲ್ಲಿ ಹತ್ತು ಪಟ್ಟು ಮಾತ್ರ. ಒಗ್ಗಟ್ಟಿನ ಬೆಲೆ ಇಲ್ಲಿ ಅಂಕಿಗಳಲ್ಲಿಯೇ ಕಾಣುತ್ತದೆ.

ಆದರೆ ಪ್ರಕೃತಿಯಲ್ಲಿ ನಿಶ್ಶಬ್ದವೆಂಬುದಿಲ್ಲ. ಶಾಖವಿರುವ ಪ್ರತಿಯೊಂದು ವಾಹಕದಲ್ಲಿಯೂ ಎಲೆಕ್ಟ್ರಾನುಗಳು ಗೊತ್ತುಗುರಿಯಿಲ್ಲದೆ ಅಲುಗುತ್ತಿರುತ್ತವೆ. ಅದರಿಂದ ಹುಟ್ಟುವ ವಿದ್ಯುತ್ ಗದ್ದಲವನ್ನು ಜಾನ್‌ಸನ್ ಅಳೆದು 1928ರಲ್ಲಿ ಪ್ರಕಟಿಸಿದನು. ಈ ಗದ್ದಲವು ತೂಗುವ ಲೋಲಕಕ್ಕೆ ಪುಟ್ಟ ಮಗು ಆಗಾಗ ಕೈತಗುಲಿಸಿದಂತೆ. ಹೆಚ್ಚಿನ ಬಾರಿ ಲೋಲಕ ಸ್ವಲ್ಪ ತಡವರಿಸಿ ತನ್ನ ಲಯಕ್ಕೆ ಮರಳುತ್ತದೆ. ಎಂದೋ ಒಮ್ಮೆ ಹಲವು ತಾಕುಗಳು ಒಟ್ಟುಗೂಡಿದರೆ ಒಂದು ಸುತ್ತು ಹೆಚ್ಚಾಗಿ ಉರುಳಿ, ಜೊತೆಯವುಗಳೊಡನೆ ಹೆಜ್ಜೆ ತಪ್ಪುತ್ತದೆ. ಸಂಪರ್ಕ ಬಲವಾಗಿದ್ದರೆ ಸಮಲಯ ಉಳಿಯುತ್ತದೆ. ಗದ್ದಲ ಒಂದು ಮಿತಿಯನ್ನು ದಾಟಿದರೆ ಅಳಿಯುತ್ತದೆ. ಜಪಾನಿನ ಕುರಮೊಟೊ 1975ರಲ್ಲಿ ಸಮಲಯವನ್ನು ಕುರಿತು ರೂಪಿಸಿದ ಗಣಿತವು ಜೋಸೆಫ್‌ಸನ್ ಸಂಧಿಗಳ ಸಾಲಿಗೂ ಅನ್ವಯಿಸುವುದೆಂದು 1996ರಲ್ಲಿ ವೀಸನ್‌ಫೆಲ್ಡ್, ಕೋಲೆ, ಸ್ಟ್ರೋಗಾಟ್ಜ್ ತೋರಿಸಿದರು.

ಗದ್ದಲವು ಯಾವಾಗಲೂ ಶತ್ರುವೇ ಎಂದು ತಿಳಿಯಬಾರದು. ಪ್ರತಿಯೊಂದು ಆಂದೋಲಕಕ್ಕೂ ಬೇರೆ ಬೇರೆ ಗದ್ದಲ ತಾಗಿದರೆ ಅವು ಚದುರುತ್ತವೆ. ಒಂದೇ ಬಗೆಯ ಆಂದೋಲಕಗಳಿಗೆಲ್ಲ ಒಂದೇ ಗದ್ದಲ ಒಮ್ಮೆಗೇ ತಾಗಿದರೆ, ಅವುಗಳ ನಡುವೆ ಸಂಪರ್ಕವಿಲ್ಲದಿದ್ದರೂ, ಕ್ರಮೇಣ ಅವು ಸಮಲಯಕ್ಕೆ ಬರಬಹುದು.

ಉಷ್ಣ ಗದ್ದಲವನ್ನು ತಗ್ಗಿಸಲು ಇರುವ ನೇರ ಉಪಾಯ ತಂಪು. 1987ರ ಸುಮಾರಿಗೆ ಹೆಚ್ಚಿನ ಉಷ್ಣತೆಯಲ್ಲಿಯೂ ಅತಿವಾಹಕಗಳಾಗುವ ವಸ್ತುಗಳು ಲಭಿಸಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಅವುಗಳನ್ನು ಅಧ್ಯಯನ ಮಾಡಿತು. ದುಬಾರಿಯಾದ ದ್ರವ ಹೀಲಿಯಮ್ಮಿನ ಬದಲು ಅಗ್ಗದ ದ್ರವ ಸಾರಜನಕವೇ ಇವುಗಳಿಗೆ ಸಾಕು. ಆದರೆ ಅದರ ಉಷ್ಣತೆ 77 ಕೆಲ್ವಿನ್, ಹೀಲಿಯಮ್ಮಿನದು 4.2 ಕೆಲ್ವಿನ್. ಉಷ್ಣ ಗದ್ದಲದ ಶಕ್ತಿ ಉಷ್ಣತೆಗೆ ಅನುಗುಣವಾದುದರಿಂದ ಅದು ಸುಮಾರು ಹದಿನೆಂಟು ಪಟ್ಟಾಗುತ್ತದೆ. ಖರ್ಚು ಇಳಿದಲ್ಲಿ ಗದ್ದಲ ಏರಿತು.

ಗದ್ದಲದ ಅರಿವು ಎಷ್ಟು ಅಗತ್ಯವೆಂಬುದಕ್ಕೆ ಮತ್ತೊಂದು ನಿದರ್ಶನವಿದೆ. ಕೈಯಲ್ಲಿ ಹಿಡಿಯಬಹುದಾದಷ್ಟು ದೊಡ್ಡ ಮಂಡಲವೂ ಪರಮಾಣುವಿನಂತೆ ಕ್ವಾಂಟಂ ನಿಯಮವನ್ನು ಪಾಲಿಸುವುದೇ ಎಂದು ಕ್ಲಾರ್ಕ್, ದವೋರೆ, ಮಾರ್ಟಿನಿಸ್ 1984-85ರಲ್ಲಿ ಪರೀಕ್ಷಿಸಿದರು. ಸಂಧಿಯು ತನ್ನ ಸ್ಥಿತಿಯಿಂದ ಹೊರಬಿದ್ದದ್ದು ಕ್ವಾಂಟಂ ಕಾರಣದಿಂದಲೋ ಗದ್ದಲದ ತಾಕಿನಿಂದಲೋ ಎಂದು ನಿರ್ಧರಿಸಬೇಕಾಗಿತ್ತು. ಅವರು ಹೊರಗಿನ ಗದ್ದಲವನ್ನು ಎಚ್ಚರಿಕೆಯಿಂದ ಸೋಸಿ, ಉಷ್ಣತೆಯನ್ನು ತಗ್ಗಿಸುತ್ತ ಹೋದರು. ಒಂದು ಹಂತದ ನಂತರ ಎಷ್ಟು ತಂಪುಗೊಳಿಸಿದರೂ ಹೊರಬೀಳುವ ವೇಗ ಕಡಿಮೆಯಾಗಲಿಲ್ಲ. ಉಳಿದದ್ದು ಶಾಖದ ಗದ್ದಲವಲ್ಲ, ಪ್ರಕೃತಿಯ ಮೂಲನಿಯಮವೇ ಎಂದು ಸಿದ್ಧವಾಯಿತು. ಈ ಮೂವರಿಗೆ 2025ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು.

ಕ್ವಾಂಟಂ ಗಣಕಯಂತ್ರಗಳನ್ನು ಕಟ್ಟುತ್ತಿರುವವರಿಗೂ ಗದ್ದಲವೇ ದೊಡ್ಡ ತೊಡಕು. ಅದನ್ನು ಸಂಪೂರ್ಣವಾಗಿ ಇಲ್ಲವಾಗಿಸುವುದು ಅಸಾಧ್ಯ. ಅದನ್ನು ಅಳೆದು, ಅದರ ಸ್ವಭಾವವನ್ನು ಅರಿತು, ಅದರ ನಡುವೆಯೇ ಲಯವನ್ನು ಕಾಪಾಡಿಕೊಳ್ಳುವುದು ವಿಜ್ಞಾನದ ಸಾಧನೆಯಾಗಿದೆ.