ಪಲ್ಪರ್ ಮನೆಯ ಹಿಂದಿನ ಹೊಂಡ

ಪಲ್ಪರ್ ಯಂತ್ರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿದು, ಬೀಜಕ್ಕೆ ಅಂಟಿದ ಲೋಳೆ ತೊಳೆದ ಮೇಲೆ ಉಳಿಯುವುದು ಪಲ್ಪಿಂಗ್ ನೀರು. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದರೆ ಅದು ಚೆರ್ರಿ. ಸುಲಿದು ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಚೆರ್ರಿಗೆ ಬಿಸಿಲು ಸಾಕು, ಪಾರ್ಚ್‌ಮೆಂಟಿಗೆ ನೀರು ಬೇಕು. ಮಂಜ್ರಾಬಾದ್ ಎಂದು ಕರೆಯುತ್ತಿದ್ದ ಈಗಿನ ಸಕಲೇಶಪುರ ಸೀಮೆಯಲ್ಲಿ ಫ್ರೆಡರಿಕ್ ಗ್ರೀನ್ ಎಂಬಾತ 1843ರಲ್ಲಿ ಕಾಫಿ ತೋಟ ಶುರುಮಾಡಿದ. ಅಲ್ಲಿ ಪಾರ್ಚ್‌ಮೆಂಟ್ ಮಾಡುವ ತೋಟಕ್ಕೆ ಹಳ್ಳದ ಆಸರೆ ಇಲ್ಲದೆ ನಡೆಯುತ್ತಿರಲಿಲ್ಲ. ನೀರು ಬರುತ್ತಿದ್ದುದು ಹಳ್ಳದಿಂದ, ಮರಳಿ ಸೇರುತ್ತಿದ್ದುದೂ ಹಳ್ಳಕ್ಕೇ.

ತೊಡಕಿರುವುದು ಕಾಲದಲ್ಲಿ. ಅರೇಬಿಕಾ ಕುಯ್ಲು ನವೆಂಬರಿನಿಂದ ಜನವರಿವರೆಗೆ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಜುಲೈನಲ್ಲಿ ದಡ ಮೀರಿ ಹರಿಯುವ ಹೇಮಾವತಿ ಹೊಳೆ ಆ ಹೊತ್ತಿಗೆ ಇಳಿದಿರುತ್ತದೆ. ತೋಟದ ನಡುವಿನ ಹಳ್ಳಗಳಲ್ಲಿ ನೀರು ಬೆರಳ ದಪ್ಪ. ಹೊಳೆಗೆ ಕೊಳೆ ತಾಳುವ ಶಕ್ತಿ ಅತಿ ಕಡಿಮೆ ಇರುವ ತಿಂಗಳುಗಳಲ್ಲೇ ಪಲ್ಪರ್ ಓಡುತ್ತದೆ. ಕೆಳಗೆ ಗೊರೂರಿನ ಜಲಾಶಯ, ಅದರಾಚೆ ಕಾವೇರಿ.

ಈ ನೀರಿನಲ್ಲಿ ಇರುವುದು ಸಕ್ಕರೆ, ಪೆಕ್ಟಿನ್, ಸಿಪ್ಪೆಯ ಬಣ್ಣ, ಕಾರ್ಖಾನೆಯ ರಾಸಾಯನಿಕವಲ್ಲ. ಅಪಾಯಕ್ಕೆ ಕಾರಣ ಅದರ ಸಮೃದ್ಧಿಯೇ. ಹಳ್ಳದ ಸೂಕ್ಷ್ಮಜೀವಿಗಳು ಸಕ್ಕರೆಯ ಮೇಲೆ ಮುಗಿಬಿದ್ದು ನೀರಿನ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಮೀನಿಗೆ ಉಸಿರು ಸಿಗುವುದಿಲ್ಲ. ಆಮ್ಲಜನಕದ ಈ ಹಸಿವನ್ನು ಅಳೆಯುವ ಲೆಕ್ಕವೇ ಬಿಓಡಿ. ಮನೆಗಳ ಕೊಳಚೆ ನೀರಿನಲ್ಲಿ ಅದು ಲೀಟರಿಗೆ 200–300 ಮಿಲಿಗ್ರಾಂ ಇದ್ದರೆ, ಪಲ್ಪಿಂಗ್ ನೀರಿನಲ್ಲಿ ಕೆಲವು ಸಾವಿರ. ಅದೇ ನೀರನ್ನು ಮತ್ತೆ ಮತ್ತೆ ಬಳಸಿದರೆ ಹತ್ತು ಸಾವಿರ ದಾಟುತ್ತದೆ. ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದ ಪ್ರಕಾರ ಹೊಳೆಗೆ ಬಿಡುವ ನೀರಿನಲ್ಲಿ 30, ನೆಲಕ್ಕೆ ಹಾಯಿಸುವ ನೀರಿನಲ್ಲಿ 100 ಮೀರುವಂತಿಲ್ಲ. ಹತ್ತು ಸಾವಿರದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಕಳೆದರೂ ನೆಲಕ್ಕೆ ಮಾತ್ರ ಅರ್ಹ, ಹೊಳೆಗಲ್ಲ.

1974ರಲ್ಲಿ ಜಲ ಮಾಲಿನ್ಯ ತಡೆ ಕಾಯ್ದೆ ಬಂತು, ಅದೇ ವರ್ಷ ಕರ್ನಾಟಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯೂ ಆಯಿತು. ನೀರನ್ನು ಹಳ್ಳಕ್ಕೆ ಬಿಡಬಾರದು ಎಂದಾಗ ತೋಟಗಳಿಗೆ ಕಂಡ ಸುಲಭದ ದಾರಿ ಹೊಂಡ. ಇಳಿಜಾರಿನಲ್ಲಿ ಗುಂಡಿ ತೋಡಿ ನೀರು ನಿಲ್ಲಿಸಿದರೆ ಬಿಸಿಲು, ಗಾಳಿ, ಜೀವಾಣುಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ ಎಂಬ ನಂಬಿಕೆ. ಮನೆಗಳ ಕೊಳಚೆಗೆ ಅದು ನಿಜವೂ ಹೌದು. ಪಲ್ಪಿಂಗ್ ನೀರು ಮಾತ್ರ ಒಂದೆರಡು ದಿನದಲ್ಲೇ ಹುಳಿಯುತ್ತದೆ. ಪಿಎಚ್ ನಾಲ್ಕರ ಆಸುಪಾಸಿಗೆ ಇಳಿದರೆ ಕೊಳೆಯನ್ನು ಮೀಥೇನ್ ಆಗಿಸುವ ಜೀವಾಣುಗಳು ಕೆಲಸ ನಿಲ್ಲಿಸುತ್ತವೆ; ಪೆಕ್ಟಿನ್ ಹೆಪ್ಪುಗಟ್ಟಿ ಮೇಲೆ ದಪ್ಪ ಕೆನೆಯಾಗುತ್ತದೆ. ಅಲ್ಲಿಂದ ಮುಂದೆ ಹೊಂಡದಲ್ಲಿ ನಡೆಯುವುದು ಶುದ್ಧೀಕರಣವಲ್ಲ, ಉಪ್ಪಿನಕಾಯಿ. ತಳಕ್ಕೆ ಹಾಳೆ ಹಾಸದಿದ್ದರೆ ಹುಳಿನೀರು ಬಾವಿಯತ್ತ ಇಂಗುತ್ತದೆ. ಖಾಲಿಯಾಗದೆ ಉಳಿದ ಹೊಂಡ ಜೂನ್ ಮಳೆಗೆ ತುಂಬಿ ಹರಿಯುತ್ತದೆ.

ಸುಣ್ಣ ಹಾಕುವುದು ಮೊದಲ ಮದ್ದು. ಹುಳಿ ಇಳಿಯುತ್ತದೆ, ಆದರೆ ಕಂದು ನೀರು ಕಡುಹಸಿರು ಕಪ್ಪಾಗುತ್ತದೆ. ನೋಡಿದವರಿಗೆ ನೀರು ಇನ್ನಷ್ಟು ಕೆಟ್ಟಿತೆಂದೇ ಅನ್ನಿಸಬೇಕು. ಜೀವಾಣುಗಳಿಗೆ ಅದು ಬದುಕಬಲ್ಲ ನೀರಾದದ್ದು ಆಗಲೇ.

ಎರಡನೆಯ ಮದ್ದೇ ಜೈವಿಕ ಶೋಧಕ. ಹೆಸರು ದಾರಿ ತಪ್ಪಿಸುವಂಥದ್ದು, ಏಕೆಂದರೆ ಇದು ಬಟ್ಟೆಯಂತೆ ಸೋಸುವುದಿಲ್ಲ. ಹಳ್ಳದ ಕಲ್ಲು ಎತ್ತಿದರೆ ಕೈಗೆ ಜಾರುವ ಪೊರೆಯೇ ಇದರ ಜೀವ. ಜೀವಾಣುಗಳು ಹಿಡಿದುಕೊಳ್ಳಲು ಆಸರೆ ಕೊಟ್ಟು, ಆ ಪೊರೆಯ ಮೇಲೆ ಕೊಳೆನೀರು ಹಾಯಿಸಿದರೆ ನೀರು ಹೊರಟುಹೋಗುತ್ತದೆ, ಜೀವಾಣುಗಳು ಉಳಿಯುತ್ತವೆ. ತೆರೆದ ಹೊಂಡದಲ್ಲಿ ಇಲ್ಲದ ಅನುಕೂಲ ಇದು. ಇಂಗ್ಲೆಂಡಿನಲ್ಲಿ 1890ರ ದಶಕದಲ್ಲೇ ಜಲ್ಲಿಕಲ್ಲಿನ ಹಾಸಿನ ಮೇಲೆ ಕೊಳಚೆ ನೀರು ಚಿಮುಕಿಸಿ ಇದನ್ನು ಕಂಡುಕೊಂಡಿದ್ದರು. ಗಾಳಿ ಬೇಡದ ಶೋಧಕವನ್ನು 1969ರಲ್ಲಿ ಅಮೆರಿಕದ ಯಂಗ್ ಮತ್ತು ಮೆಕಾರ್ಟಿ ವಿವರಿಸಿದರು. 1970ರ ದಶಕದಲ್ಲಿ ನೆದರ್ಲೆಂಡ್ಸ್‌ನ ಲೆಟಿಂಗಾ, ಜೀವಾಣುಗಳೇ ಕಾಳುಕಟ್ಟಿ ತಳದಲ್ಲಿ ನಿಲ್ಲುವ ತೊಟ್ಟಿಯನ್ನು ರೂಪಿಸಿ ಬೀಟ್ ಸಕ್ಕರೆ ಕಾರ್ಖಾನೆಯ ನೀರಿಗೆ ಹೊಂದಿಸಿದರು. ಬೀಟ್ ಅರೆಯುವುದೂ ವರ್ಷದ ಕೆಲವೇ ತಿಂಗಳು. ಮಲೆನಾಡಿನ ಕಾಫಿಗೆ ಅದು ಹತ್ತಿರದ ನೆಂಟ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಚ್.ಎನ್. ಚಾಣಕ್ಯ ಮತ್ತು ಸಂಗಡಿಗರು ಆಸರೆಯ ವಸ್ತುವನ್ನೇ ಅಗ್ಗವಾಗಿಸಿದರು. ಜಲ್ಲಿ, ಪ್ಲಾಸ್ಟಿಕ್ ಬದಲು ಜೈವಿಕ ಅನಿಲದ ತೊಟ್ಟಿಯಲ್ಲಿ ಕೊಳೆತು ಉಳಿದ ಸೊಪ್ಪುಸದೆಯ ನಾರನ್ನೇ ಹಾಸಾಗಿ ಬಳಸಬಹುದೆಂದು 1998ರಲ್ಲಿ ಪ್ರಕಟಿಸಿದರು. ಕಾಫಿ ಸಂಸ್ಕರಣೆಯ ಪರಿಸರ ಸಮಸ್ಯೆಗಳ ಬಗ್ಗೆಯೂ 2004ರಲ್ಲಿ ಚಾಣಕ್ಯ ಬರೆದಿದ್ದಾರೆ.

ಹಳೆಯ ಹೊಂಡವನ್ನು ಹೀಗೆ ಸುಧಾರಿಸುವಾಗ ಅದನ್ನು ಮುಚ್ಚಬೇಕಿಲ್ಲ. ಅದರ ಮುಂದೆ ತೊಟ್ಟಿಗಳನ್ನು ಸೇರಿಸಿದರಾಯಿತು. ಮೊದಲು ಜಾಲರಿ, ಸಿಪ್ಪೆಯ ಚೂರು ತಡೆಯಲು. ಆಮೇಲೆ ಸುಣ್ಣದ ತೊಟ್ಟಿ. ಅಲ್ಲಿಂದ ನೀರು ಮುಚ್ಚಿದ ತೊಟ್ಟಿಯ ತಳದಿಂದ ಹಾಸಿನ ನಡುವೆ ಮೇಲೇರುತ್ತದೆ. ಕೊಳೆಯ ಬಹುಪಾಲು ಇಲ್ಲೇ ಅನಿಲವಾಗುತ್ತದೆ: ಕೊಳೆಯನ್ನು ರಾಸಾಯನಿಕವಾಗಿ ಉರಿಸಲು ಬೇಕಾದ ಆಮ್ಲಜನಕದ ಲೆಕ್ಕದಲ್ಲಿ ಒಂದು ಕಿಲೋ ಕೊಳೆ ಕಳೆದರೆ ಸುಮಾರು 350 ಲೀಟರ್ ಮೀಥೇನ್. ಲೀಟರಿಗೆ 10 ಗ್ರಾಂ ಕೊಳೆಯ ಸಾವಿರ ಲೀಟರ್ ನೀರಿನಲ್ಲಿ ನೂರಕ್ಕೆ ಎಪ್ಪತ್ತು ಕಳೆದರೂ ಸುಮಾರು ಎರಡೂವರೆ ಘನಮೀಟರ್ ಬಂತು. ಕೊನೆಗೆ ಹಳೆಯ ಹೊಂಡ. ಈಗ ಅಲ್ಲಿ ಗಾಳಿಯಾಡುತ್ತದೆ.

ಕಷ್ಟವಿರುವುದು ಸುಗ್ಗಿ ಮುಗಿದ ಮೇಲೆ. ಪಟ್ಟಣದ ಕೊಳಚೆ ವರ್ಷವಿಡೀ ಬರುತ್ತದೆ, ಪಲ್ಪಿಂಗ್ ನೀರು ಮೂರ್ನಾಲ್ಕು ತಿಂಗಳು ಬಂದು ನಿಲ್ಲುತ್ತದೆ. ಪಾತ್ರೆ ಬೆಳಗಿದಂತೆ ತೊಟ್ಟಿಯನ್ನು ತೊಳೆದು ಒಣಗಿಸಿದರೆ ಪೊರೆ ಸತ್ತಂತೆಯೇ. ಹಾಸು ನೀರಿನಲ್ಲೇ ಮುಳುಗಿದ್ದರೆ, ಗಾಳಿ ಬೇಡದ ಜೀವಾಣುಗಳು ತಿಂಗಳುಗಟ್ಟಲೆ ಉಪವಾಸವಿದ್ದು ಮತ್ತೆ ಏಳುತ್ತವೆ. ಹೊಸ ತೊಟ್ಟಿಗೆ ಕುಯ್ಲಿನ ಕೆಲವು ವಾರ ಮೊದಲೇ ಸಗಣಿ ಬಗ್ಗಡ ಹಾಕಿ, ಪಲ್ಪಿಂಗ್ ನೀರನ್ನು ಸ್ವಲ್ಪಸ್ವಲ್ಪವೇ ರೂಢಿ ಮಾಡಿಸಬೇಕು. ಮೊದಲ ದಿನವೇ ತುಂಬಿಸಿದರೆ ಮತ್ತೆ ಹುಳಿ. ಡಿಸೆಂಬರ್ ಚಳಿಯಲ್ಲಂತೂ ಇವುಗಳ ಕೆಲಸ ಇನ್ನೂ ನಿಧಾನ.

ಲೋಳೆಯನ್ನು ಯಂತ್ರದಿಂದ ಉಜ್ಜಿ ತೆಗೆಯುವ ವಾಷರ್‌ಗಳು ನೀರಿನ ಖರ್ಚನ್ನು ಬಹಳ ಇಳಿಸಿವೆ. ತೊಟ್ಟಿ ಚಿಕ್ಕದಾದರೆ ಸಾಕು ಎಂಬುದು ಲಾಭ. ಕೊಳೆ ಮಾತ್ರ ಅಷ್ಟೇ ಇದ್ದು ಗಟ್ಟಿಯಾಗಿರುತ್ತದೆ. ಎರಡು ಮೂರು ಎಕರೆಯವರಿಗೆ ಈ ಏರ್ಪಾಟು ಹೊರೆ. ಅವರು ಚೆರ್ರಿಯನ್ನೇ ಒಣಗಿಸಿದರೆ ಕೊಳೆನೀರಿನ ಮಾತೇ ಇಲ್ಲ.

ಎಲ್ಲ ಹಂತ ದಾಟಿದ ನೀರಿಗೂ ಚಹಾದಂಥ ಬಣ್ಣ ಉಳಿಯುತ್ತದೆ. ಸಿಪ್ಪೆಯ ಬಣ್ಣವನ್ನು ಜೀವಾಣುಗಳು ಸುಲಭಕ್ಕೆ ತಿನ್ನುವುದಿಲ್ಲ. ನೆಲದ ಮಾನದಂಡ ಮುಟ್ಟಿದರೆ ಅದನ್ನು ತೋಟಕ್ಕೇ ಹಾಯಿಸಬಹುದು. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಹೂವಿಗೆ ನೀರು ಬೇಕಾಗುವ ಹೊತ್ತೂ ಅದೇ. ತಳದಲ್ಲಿ ಕೂತ ಬಗ್ಗಡವನ್ನು ಮಳೆಗೆ ಮೊದಲು ಎತ್ತಿ, ಸಿಪ್ಪೆ ಮತ್ತು ಸಗಣಿಯ ಜೊತೆ ಗೊಬ್ಬರದ ಗುಂಡಿಗೆ ಸೇರಿಸುತ್ತಾರೆ.