ದೀಪದ ಬೆಳಕಿನಲ್ಲಿ ಒಂದು ಹಳೆಯ ಮಸೂರ

ಬನಶಂಕರಿ ಎರಡನೆಯ ಹಂತದಲ್ಲಿರುವ ನಮ್ಮ ದೊಡ್ಡಮ್ಮನವರ ಮನೆಗೆ ಹೋದವರು ಮೊದಲು ನೋಡುವುದು ನಡುಮನೆಯ ಗೋಡೆಯ ಮೇಲಿನ ಛಾಯಾಚಿತ್ರಗಳನ್ನು. ಲಿಂಗೈಕ್ಯರಾದ ದೊಡ್ಡಪ್ಪನವರು ತೆಗೆದವು ಅವು. ಮದುವೆ, ನಾಮಕರಣ, ಗೃಹಪ್ರವೇಶ, ಊರ ಜಾತ್ರೆಯ ತೇರು ಎಲ್ಲವೂ ಅಲ್ಲಿವೆ; ದೊಡ್ಡಮ್ಮನವರು ಮಾತ್ರ ಇಲ್ಲ. ಇದ್ದರೂ ಯಾರದೋ ಹಿಂದೆ, ಕೈಯಲ್ಲಿ ತಟ್ಟೆ ಹಿಡಿದು, ಅರ್ಧ ಮುಖ. ಎಂಬತ್ತೆಂಟು ವರ್ಷದ ಆ ತಾಯಿಯ ಒಂದು ಒಳ್ಳೆಯ ಚಿತ್ರವೂ ಮನೆಯಲ್ಲಿಲ್ಲವೆಂಬುದು ನಮಗೆ ಹೊಳೆದದ್ದು ತೀರ ತಡವಾಗಿ.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದಂದಿನಿಂದ ಅವರಿಗೆ ಫ್ಲ್ಯಾಶ್ ಎಂದರೆ ಆಗದು. ಹಗಲಿನಲ್ಲಿ ಅಂಗಳಕ್ಕೆ ಕರೆದರೆ "ನನ್ನದೇನಪ್ಪಾ ಫೋಟೋ" ಎಂದು ಒಳಗೆ ಹೋಗಿಬಿಡುತ್ತಾರೆ. ಅವರು ನೆಮ್ಮದಿಯಿಂದ ಕುಳಿತಿರುವುದು ಸಂಜೆ, ಪೂಜೆಯ ಕೋಣೆಯ ಎಣ್ಣೆದೀಪದ ಮುಂದೆ. ಇಂದಿನ ಮೊಬೈಲ್ ಫೋನು ಆ ಮಬ್ಬಿನಲ್ಲಿಯೂ ಚಿತ್ರ ತೆಗೆಯುತ್ತದೆ, ನಿಜ. ಆದರೆ ಕತ್ತಲೆಯನ್ನೇ ಬೆಳ್ಳಗೆ ಮಾಡಿ, ಮುಖದ ಸುಕ್ಕುಗಳನ್ನು ಮೇಣದಂತೆ ನುಣುಪಾಗಿಸಿ ಕೊಡುತ್ತದೆ. ನಮಗದು ಒಪ್ಪಿಗೆಯಾಗಲಿಲ್ಲ.

ಆಗ ನೆನಪಾದದ್ದು ದೊಡ್ಡಪ್ಪನವರ ಟ್ರಂಕಿನಲ್ಲಿದ್ದ ಮಸೂರ. ಜಪಾನಿನ ನಿಕಾನ್ ಕಂಪನಿಯವರು 1965ರಲ್ಲಿ ಹೊರತಂದ ನಿಕ್ಕಾರ್-ಎಸ್, 55 ಮಿ.ಮೀ., ಎಫ್ 1.2. ಹೆಸರಿನ ಕೊನೆಯ 'ಎಸ್' ಲ್ಯಾಟಿನ್ ಭಾಷೆಯ ಏಳೆಂಬ ಸಂಖ್ಯೆಯ ಮೊದಲ ಅಕ್ಷರ. ಒಳಗೆ ಏಳು ಗಾಜುಗಳಿವೆ ಎಂದರ್ಥ. ನಮ್ಮ ಮನೆಗಳಲ್ಲಿ ಬಿಸಿಲಿದ್ದರೆ ಮಾತ್ರ ನಡೆಯುವ ಅಗ್ಫಾ ಕ್ಲಿಕ್ ಕ್ಯಾಮೆರಾವೇ ದೊಡ್ಡ ಐಶ್ವರ್ಯವಾಗಿದ್ದ ಕಾಲದಲ್ಲಿ ಇಂಥದೊಂದು ನಮ್ಮವರ ಕೈಸೇರಿದ್ದು ಅಪರೂಪವೇ.

ಮಸೂರದ ನಾಭಿದೂರವನ್ನು ಬೆಳಕಿನ ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ. 55ಕ್ಕೆ 1.2 ಎಂದರೆ ಕಿಂಡಿ ಸುಮಾರು 46 ಮಿ.ಮೀ. ಅಗಲ. ಎಫ್ 3.5ರ ಸಾಧಾರಣ ಮಸೂರಕ್ಕಿಂತ ಎಂಟು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬರುತ್ತದೆ. ಅಲ್ಲಿ ಕಾಲು ಸೆಕೆಂಡು ಬೇಕಾದ ಚಿತ್ರ ಇಲ್ಲಿ ಸೆಕೆಂಡಿನ ಮೂವತ್ತನೆಯ ಒಂದು ಭಾಗದಲ್ಲಿ ಮುಗಿಯುತ್ತದೆ. ಕೈ ನಡುಗಿದರೂ ಪಾರಾಗಬಹುದು. ಸ್ಟ್ಯಾನ್ಲಿ ಕುಬ್ರಿಕ್ ಎಂಬ ನಿರ್ದೇಶಕರು 1975ರ 'ಬ್ಯಾರಿ ಲಿಂಡನ್' ಚಿತ್ರದಲ್ಲಿ ಮೇಣದ ಬತ್ತಿಯ ದೃಶ್ಯಗಳನ್ನು ಚಿತ್ರಿಸಲು ಎಫ್ 0.7ರ ಜೈಸ್ ಮಸೂರವನ್ನೇ ಹುಡುಕಿ ತಂದರು. ನಮ್ಮ ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರ ದಾರಿ ಬೇರೆ. 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕೆ ಅವರು ಕನ್ನಡಿಗಳಿಂದ ಬಿಸಿಲನ್ನೇ ಸ್ಟುಡಿಯೋದೊಳಗೆ ಹಾಯಿಸಿ ಬೆಳಕಿನ ಕೋಲನ್ನು ನಿರ್ಮಿಸಿದರು. ನಮಗಂತೂ ದೀಪವೊಂದೇ ಗತಿ.

ಟ್ರಂಕಿನಿಂದ ತೆಗೆದು ನೋಡಿದರೆ ಒಳಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು! ಚರ್ಮದ ಚೀಲದಲ್ಲಿ ಮುಚ್ಚಿಟ್ಟದ್ದೇ ತಪ್ಪು. ಮಳೆಗಾಲದ ತೇವವನ್ನು ಚರ್ಮ ಹೀರಿಟ್ಟುಕೊಳ್ಳುತ್ತದೆ. ಜಯನಗರದ ಅಂಗಡಿಯೊಂದರಲ್ಲಿ "ಎಸೆದುಬಿಡಿ ಸಾರ್" ಎಂದರು. ವಿದೇಶದಲ್ಲಿರುವ ದೊಡ್ಡಪ್ಪನವರ ಮಗ ದೂರವಾಣಿಯಲ್ಲಿ "ಇದ್ದ ಹಾಗೆಯೇ ಮಾರಿಬಿಡಿ, ಕೊಳ್ಳುವವರಿದ್ದಾರೆ" ಎಂದ. ಕೇಳಿಸಿಕೊಂಡ ದೊಡ್ಡಮ್ಮನವರು "ಅವರು ಮುಟ್ಟಿದ ವಸ್ತು, ಮನೆಯಲ್ಲಿರಲಿ" ಎಂದಷ್ಟೇ ಹೇಳಿದರು. ಕೊನೆಗೆ ಪೇಟೆಯ ವೃದ್ಧ ಕುಶಲಕರ್ಮಿಯೊಬ್ಬರು ಏಳು ಗಾಜುಗಳನ್ನೂ ಬಿಚ್ಚಿ ತೊಳೆದುಕೊಟ್ಟರು. ಒಂದು ಗಾಜಿನ ಲೇಪದ ಮೇಲೆ ಕಲೆ ಉಳಿಯಿತು. ಚಿತ್ರಕ್ಕೆ ಅದರಿಂದ ಹೆಚ್ಚಿನ ಬಾಧಕವಿಲ್ಲ.

ಕ್ಯಾಮೆರಾ ಅದೇ ಕಾಲದ ನಿಕ್ಕೋರ್ಮ್ಯಾಟ್. ಅದರ ಬೆಳಕಿನ ಮಾಪಕಕ್ಕೆ ಬೇಕಾದ ಪಾದರಸದ ಸೆಲ್ಲು ಈಗ ಅಂಗಡಿಗಳಲ್ಲಿಲ್ಲ. ಫೋನಿನಲ್ಲಿ ಬೆಳಕು ಅಳೆದು, 400ರ ಕಪ್ಪು-ಬಿಳುಪು ಫಿಲ್ಮು ತುಂಬಿಸಿ, ಒಂದು ಸೋಮವಾರ ಸಂಜೆ ಪೂಜೆಯ ಕೋಣೆಯ ಬಾಗಿಲ ಚೌಕಟ್ಟಿಗೆ ಮೊಳಕೈ ಆನಿಸಿ ಕುಳಿತೆವು. ಕಷ್ಟ ತಿಳಿದದ್ದು ಆಗ. ಕಿಂಡಿ ಪೂರ್ತಿ ತೆರೆದಾಗ ಒಂದು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಹೆಚ್ಚೆಂದರೆ ಒಂದು ಅಂಗುಲ. ಮೂಗು ಸ್ಪಷ್ಟವಾದರೆ ಕಣ್ಣು ಮಸುಕು. ಅವರು ಉಸಿರೆಳೆದರೂ ತಪ್ಪುತ್ತದೆ, ನಾವು ಉಸಿರೆಳೆದರೂ ತಪ್ಪುತ್ತದೆ. ದೊಡ್ಡಮ್ಮನವರು ಬತ್ತಿ ಸರಿಪಡಿಸುತ್ತಿದ್ದರು, ನಾವಿರುವುದನ್ನೇ ಮರೆತಂತಿತ್ತು.

ಮೂವತ್ತಾರು ಚಿತ್ರಗಳಲ್ಲಿ ಮೂವತ್ತಕ್ಕೂ ಹೆಚ್ಚು ಕೆಟ್ಟಿದ್ದವು. ಒಂದರಲ್ಲಿ ದೀಪದ ಕಂಬ ಸೊಗಸಾಗಿ ಬಂದಿತ್ತು, ಮುಖವಿಲ್ಲ! ಇನ್ನೊಂದರಲ್ಲಿ ಬಳೆಗಳಷ್ಟೇ. ಆದರೆ ಒಂದು ಚಿತ್ರ ಮಾತ್ರ ನಾವು ಬಯಸಿದ್ದಕ್ಕಿಂತ ಚೆನ್ನಾಗಿತ್ತು. ಹಣೆಯ ವಿಭೂತಿಯ ಮೂರು ಗೆರೆ, ಅದರ ಕೆಳಗೆ ಬಾಗಿದ ಕಣ್ಣಿನ ರೆಪ್ಪೆ, ಕಣ್ಣಿನೊಳಗೆ ದೀಪದ ಚುಕ್ಕೆ. ಉಳಿದುದೆಲ್ಲ ಮೆಲ್ಲಗೆ ಕತ್ತಲೆಗೆ ಸರಿದಿದೆ. ಅಂಚಿನಲ್ಲಿದ್ದ ಇನ್ನೊಂದು ದೀಪ ಹಕ್ಕಿಯ ರೆಕ್ಕೆಯಂತೆ ಹರಡಿಕೊಂಡಿದೆ. ಇದು ಈ ಮಸೂರದ ದೋಷವೆಂದು ಬಲ್ಲವರು ಹೇಳುತ್ತಾರೆ. ನಿಕಾನ್‌ನವರು 1977ರಲ್ಲಿ ವಿಶೇಷವಾಗಿ ಉಜ್ಜಿದ ಗಾಜಿನ 'ನಾಕ್ಟ್' ಮಸೂರವನ್ನು ಮಾಡಿದ್ದು ಈ ದೋಷವನ್ನು ನೀಗಲೆಂದೇ. ನಮ್ಮ ಕಣ್ಣಿಗಂತೂ ಅದು ದೋಷವೆನಿಸಲಿಲ್ಲ.

ದೊಡ್ಡಮ್ಮನವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಓಲೆ ಕಾಣೋದೇ ಇಲ್ಲವಲ್ಲಪ್ಪಾ" ಎಂದರು. ಅನಂತರ ಅದನ್ನು ದೊಡ್ಡಪ್ಪನವರ ಚಿತ್ರದ ಪಕ್ಕದಲ್ಲಿ ಹಾಕುವಂತೆ ತಾವೇ ಜಾಗ ತೋರಿಸಿದರು.

ಮಸೂರವೀಗ ಗಾಳಿಯಾಡದ ಡಬ್ಬಿಯಲ್ಲಿದೆ, ಜೊತೆಗೆ ತೇವ ಹೀರುವ ಸಿಲಿಕಾ ಹರಳುಗಳು. ನೀಲಿ ಹರಳು ನಸುಗೆಂಪಾದೊಡನೆ ಬಿಸಿಮಾಡಿ ಒಣಗಿಸಬೇಕು. ಅಡುಗೆಗೆ ಬಳಸದ ಹಳೆಯ ಬಾಣಲೆಯೊಂದನ್ನು ಅದಕ್ಕೆಂದೇ ಬೇರೆಯಿಟ್ಟು, ಆ ಕೆಲಸವನ್ನು ದೊಡ್ಡಮ್ಮನವರೇ ವಹಿಸಿಕೊಂಡಿದ್ದಾರೆ.